ಮಳೆಗಾಲಕ್ಕೆ ಮೈ ಒಗ್ಗಿಸಿಕೊಂಡ ಬಗೆ

ನಾನು ಚಳ್ಳಕೆರೆ ಕಡೆಯವಳು. ವರ್ಷವಿಡೀ ಸೇರಿ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಅದು. ನಾಲ್ಕು ಹನಿ ಉದುರಿದರೆ ಅಂಗಳಕ್ಕೆ ಓಡಿ ಮುಖವೆತ್ತಿ ನಿಲ್ಲುವ ಜನ ನಾವು. 1999ರ ಜೂನ್‌ನಲ್ಲಿ ಕೊಡಗಿನ ನಾಪೋಕ್ಲು ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಗೆ ಟೀಚರ್ ಆಗಿ ಬಂದಾಗ ಮೊದಲ ವಾರ ನನಗೆ ಹಬ್ಬವೇ ಆಗಿತ್ತು. ಮೂರನೆಯ ವಾರಕ್ಕೆ ಚರ್ಮದ ಕೈಚೀಲದ ಮೇಲೆ ಹಸಿರು ಬೂಷ್ಟು ಬಂತು. ಬೆಂಕಿಕಡ್ಡಿ ಗೀರಿದರೆ ಅದರ ತುದಿಯ ಮದ್ದೇ ಕಳಚಿ ಬೀಳುತ್ತಿತ್ತು. ಉಪ್ಪಿನ ಡಬ್ಬಿಯಲ್ಲಿ ನೀರು ನಿಂತಿತ್ತು. ಜುಲೈ ನಡುವಿನ ಹೊತ್ತಿಗೆ ನೆಗಡಿ, ಬಿಡದ ಕೆಮ್ಮು, ಕಾಲ್ಬೆರಳ ಸಂದಿಯಲ್ಲಿ ಹುಣ್ಣು, ಉಂಡದ್ದು ಅರಗದ ಹೊಟ್ಟೆ, ಎಲ್ಲವೂ ಒಟ್ಟಿಗೆ ಮೈಮೇಲೆ ಬಂದಿದ್ದವು. ವರ್ಗಾವಣೆಯ ಅರ್ಜಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೆ. ಅದಕ್ಕೂ ಬೂಷ್ಟು ಹಿಡಿಯಿತು.

ನಾನು ಬಾಡಿಗೆಗಿದ್ದದ್ದು ಅರೆಭಾಷೆ ಗೌಡರೊಬ್ಬರ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ. ಆ ಮನೆಯ ಯಜಮಾನಿಯನ್ನು ಅವರ ಮಕ್ಕಳು ಅವ್ವ ಎಂದು ಕರೆಯುತ್ತಿದ್ದರು. ನಮ್ಮ ಕಡೆಯೂ ತಾಯಿಯನ್ನು ಹಾಗೆಯೇ ಕರೆಯುವುದರಿಂದ ನನ್ನ ಬಾಯಿಗೂ ಅದೇ ಹತ್ತಿತು. ಒಂದು ಸಂಜೆ ಒದ್ದೆ ಸೀರೆಯ ಅಂಚು ನೆಲಕ್ಕೆ ತೊಟ್ಟಿಕ್ಕುತ್ತಿದ್ದಂತೆಯೇ ಕುಳಿತು ಮಕ್ಕಳ ನೋಟ್ ಪುಸ್ತಕ ತಿದ್ದುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದರು. ನಾನು ಕಷಾಯ ಕೊಡುತ್ತಾರೇನೋ ಎಂದುಕೊಂಡೆ. "ಮೊದಲು ಕಾಲು ಒರೆಸಿಕೊಳ್ಳಿ ಟೀಚರೇ, ಬೆರಳ ಸಂದಿಯನ್ನೂ" ಎಂದು ಹಳೆಯ ಪಂಚೆಯ ತುಂಡೊಂದನ್ನು ಎಸೆದು ಹೋದರು.

ಇಪ್ಪತ್ತೈದು ವರ್ಷಗಳಾಚೆ ನಿಂತು ಲೆಕ್ಕ ಹಾಕಿದರೆ, ನನ್ನ ಕಾಯಿಲೆಗಳಲ್ಲಿ ಅರ್ಧದಷ್ಟನ್ನು ವಾಸಿ ಮಾಡಿದ್ದು ಆ ಪಂಚೆಯ ತುಂಡು. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ. ಅಂಥ ಕಡೆ ಮೈ ಒಣಗಿಸಿಕೊಳ್ಳುವುದೇ ಒಂದು ಕಸುಬು. ಅವ್ವನ ಬಚ್ಚಲು ಮನೆಯಲ್ಲಿ ಹಂಡೆಯ ಒಲೆ ಜೂನ್‌ನಲ್ಲಿ ಹೊತ್ತಿದರೆ ಸೆಪ್ಟೆಂಬರ್‌ವರೆಗೆ ಪೂರ್ತಿ ಆರುತ್ತಿರಲಿಲ್ಲ. ಒಲೆಯ ಮೇಲೆ ಆಳೆತ್ತರದಲ್ಲಿ ಬಿದಿರಿನ ಗಳಗಳನ್ನು ಕಟ್ಟಿದ್ದರು. ಮನೆಮಂದಿಯ ಒಳಬಟ್ಟೆ, ಕಾಲುಚೀಲ, ಮಕ್ಕಳ ಸಮವಸ್ತ್ರ ಎಲ್ಲ ಅಲ್ಲಿಯೇ. ನನಗೂ ಒಂದು ಗಳ ಸಿಕ್ಕಿತು. ಅಂದಿನಿಂದ ನನ್ನ ಬಟ್ಟೆಗಳಿಗೆಲ್ಲ ಹೊಗೆಯ ವಾಸನೆ. ಊರಿಗೆ ಹೋದಾಗ ತಂಗಿ ಮೂಗು ಮುಚ್ಚಿಕೊಳ್ಳುತ್ತಾಳೆ. ಶಾಲೆಗೆ ಒಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯುವುದು, ಹೋದ ತಕ್ಷಣ ಬದಲಿಸುವುದು, ತಲೆಗೂದಲನ್ನು ಒದ್ದೆಯಾಗಿ ಹೆರಳು ಹಾಕದಿರುವುದು, ಇಷ್ಟನ್ನು ಪಾಲಿಸಿದ ಮೇಲೆ ಕೆಮ್ಮು ತಾನಾಗಿ ಹಿಂದೆ ಸರಿಯಿತು.

ಕಾಲಿನ ಹುಣ್ಣು ಮಾತ್ರ ಹಟಮಾರಿ. ಕೆಸರಿನಲ್ಲಿ ಓಡಾಡುವವರಿಗೆಲ್ಲ ಬರುವ ಬೆರಳ ಸಂದಿಯ ನಂಜು ಅದು. ಅವ್ವ ಬೇಲಿಯ ಗೋರಂಟಿ ಸೊಪ್ಪನ್ನು ನುಣ್ಣಗೆ ಅರೆದು ರಾತ್ರಿ ಸಂದಿಗಳಿಗೆ ತುಂಬಿಸಿ, ಬೆಳಿಗ್ಗೆ ತೊಳೆಯಲು ಹೇಳಿದರು. ನಾಟಿಗೆ ಇಳಿಯುವ ಮುನ್ನ ಹೆಂಗಸರು ಪಾದಕ್ಕೆ ಗೋರಂಟಿ ಹಚ್ಚಿಕೊಳ್ಳುವುದು ಬರೀ ಸಿಂಗಾರಕ್ಕಲ್ಲ ಎಂದು ನನಗೆ ಗೊತ್ತಾಗಿದ್ದು ಆಗ. ಅದರ ಬಣ್ಣಕ್ಕೆ ಕಾರಣವಾದ ವಸ್ತುವಿಗೇ ಬೂಷ್ಟನ್ನು ತಡೆಯುವ ಗುಣವಿದೆ. ಮೂರು ರಾತ್ರಿ ಹಚ್ಚಿದೆ, ತುರಿಕೆ ನಿಂತಿತು. ಆದರೆ ಚರ್ಮ ಬಿರಿದು ರಸಿಗೆ ಸುರಿಯುವಷ್ಟಾದರೆ ಗೋರಂಟಿಯ ಹಂತ ದಾಟಿತೆಂದೇ ಅರ್ಥ. ಆಗ ನಾನು ಔಷಧಿ ಅಂಗಡಿಯ ಮುಲಾಮನ್ನೇ ಹಚ್ಚಿದ್ದೇನೆ, ಅದನ್ನು ಅವ್ವನಿಂದ ಮುಚ್ಚಿಟ್ಟೂ ಇಲ್ಲ.

ಊಟದ ವಿಷಯಕ್ಕೆ ಬಂದರೆ ನಾನು ಮುದ್ದೆ ಬಿಟ್ಟು ಬದುಕಲಾರದವಳು, ಈಗಲೂ. ಆದರೆ ಆಟಿ ತಿಂಗಳ ಅಡುಗೆಗೆ ಸೋತಿದ್ದೇನೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳನ್ನು ಕೊಡವರು ಕಕ್ಕಡ ಎನ್ನುತ್ತಾರೆ, ಅವ್ವನವರು ಆಟಿ ಎನ್ನುತ್ತಾರೆ. ಹಿಂದೆ ಈ ದಿನಗಳಲ್ಲಿ ಸಂತೆಗೆ ಹೋಗುವ ದಾರಿಯೇ ಮುಳುಗುತ್ತಿತ್ತಂತೆ. ತೋಟ, ಕಾಡು, ಗದ್ದೆ ಬದು ಏನು ಕೊಡುತ್ತವೆಯೋ ಅದೇ ಊಟ: ಕಣಿಲೆ, ಅಣಬೆ, ಗದ್ದೆಯ ಏಡಿ, ಮರದ ಕವಲಲ್ಲಿ ಬೆಳೆಯುವ ಮರಕೆಸುವಿನ ಪತ್ರೊಡೆ. ಎಲ್ಲದಕ್ಕೂ ಕಾಳುಮೆಣಸು ಧಾರಾಳ. ಇವು ಕಾಡಿನವು, ಸಹಜವಾದವು ಎಂದ ಮಾತ್ರಕ್ಕೆ ಸಾಧುವಲ್ಲ. ಎಳೆಯ ಬಿದಿರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಅದಕ್ಕೇ ಕಣಿಲೆಯನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸುವುದು. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ. ಹುಳಿ ಬಿಟ್ಟು ಅರೆಬರೆ ಬೇಯಿಸಿದ ಪತ್ರೊಡೆ ತಿಂದು ಒಂದು ರಾತ್ರಿಯಿಡೀ ಗಂಟಲು ಕೆರೆದುಕೊಂಡವಳು ನಾನು. ಇನ್ನು ಅಣಬೆಯನ್ನು ಅವ್ವ ಗುರುತಿಸಿ ಕೊಟ್ಟರಷ್ಟೇ ತಿನ್ನುತ್ತೇನೆ. ಇಷ್ಟು ವರ್ಷವಾದರೂ ನನ್ನ ಕಣ್ಣನ್ನು ನಾನು ನಂಬುವುದಿಲ್ಲ.

ಇನ್ನು ಆಟಿ ಸೊಪ್ಪು. ಕೊಡವರ ಮನೆಗಳಲ್ಲಿ ಮದ್ದು ತೊಪ್ಪು. ತೋಟದ ಅಂಚಿನ ನೆರಳಿನಲ್ಲಿ ತನ್ನ ಪಾಡಿಗೆ ಬೆಳೆದು ನಿಂತಿರುವ, ವರ್ಷದ ಹನ್ನೊಂದು ತಿಂಗಳು ಯಾರೂ ಮೂಸಿಯೂ ನೋಡದ ಗಿಡ. ಆಟಿಯ ಮೊದಲ ದಿನದಿಂದ ದಿನಕ್ಕೊಂದರಂತೆ ಮದ್ದು ಇದರೊಳಗೆ ಸೇರುತ್ತ ಹೋಗಿ, ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ಕ್ಕೆ, ಹದಿನೆಂಟೂ ತುಂಬಿರುತ್ತವೆ ಎಂಬುದು ನಂಬಿಕೆ. ಅವತ್ತು ಗಿಡದ ಹತ್ತಿರ ಹೋದರೇ ಪರಿಮಳ ಬರುತ್ತದೆ ಎನ್ನುತ್ತಾರೆ.

ಆ ದಿನದ ಸೊಪ್ಪಿನ ಪಾಯಸ ಮಾಡುವುದನ್ನು ನಾನು ಕಲಿತದ್ದು ಎರಡನೆಯ ವರ್ಷ. ಬೆಳಿಗ್ಗೆಯೇ ಸೊಪ್ಪನ್ನು ದಂಟಿನ ಸಮೇತ ಕೊಯ್ದು ತರಬೇಕು. ತೊಳೆದು ತುಂಡು ಮಾಡಿ ದೊಡ್ಡ ಪಾತ್ರೆಯಲ್ಲಿ ಮುಳುಗುವಷ್ಟು ನೀರಿಟ್ಟು ಕುದಿಸಬೇಕು. ನೀರು ನೋಡನೋಡುತ್ತಿದ್ದಂತೆ ಕಡು ನೇರಳೆಗೆ ತಿರುಗುತ್ತದೆ, ಶಾಯಿಯ ಹಾಗೆ. ಸೌಟಿಗೆ, ಪಾತ್ರೆಗೆ, ಬೆರಳಿಗೆ ಎಲ್ಲಕ್ಕೂ ಆ ಬಣ್ಣ. ಸೋಸಿ, ಸೊಪ್ಪನ್ನು ಎಸೆದು, ಆ ನೀರಿನಲ್ಲೇ ಅಕ್ಕಿ ಬೇಯಿಸುವುದು. ನಾನು ಮೊದಲ ಸಲ ಅವಸರಕ್ಕೆ ಬೆಲ್ಲವನ್ನೂ ಜೊತೆಗೇ ಹಾಕಿಬಿಟ್ಟೆ. ಬೆಲ್ಲ ಬಿದ್ದ ಮೇಲೆ ಅಕ್ಕಿ ಮೆತ್ತಗಾಗುವುದಿಲ್ಲ. ಒಂದು ಗಂಟೆ ಸೌದೆ ಉರಿಸಿದರೂ ಕಾಳು ಕಾಳಾಗಿಯೇ ಉಳಿಯಿತು. ಅವ್ವ ಏನೂ ಅನ್ನದೆ ಎರಡು ತುತ್ತು ತಿಂದು, "ಹಲ್ಲಿಗೂ ಒಂದು ಮದ್ದು ಸೇರಿಸಿದ್ದೀರಿ" ಎಂದರು. ಅಕ್ಕಿ ಪೂರ್ತಿ ಬೆಂದ ಮೇಲೆ ಬೆಲ್ಲ, ಬೆಲ್ಲ ಕರಗಿದ ಮೇಲೆ ಗಟ್ಟಿ ತೆಂಗಿನಹಾಲು, ಇಳಿಸುವಾಗ ಏಲಕ್ಕಿ. ಬಡಿಸುವಾಗ ಮೇಲೊಂದು ಚಮಚ ತುಪ್ಪ, ಜೇನು ಇದ್ದರೆ ಜೇನು.

ಇದನ್ನು ತಿಂದ ಮೇಲೆ ಏನಾಗುತ್ತದೆಂದು ಮೊದಲ ವರ್ಷ ಯಾರೂ ನನಗೆ ಹೇಳಿರಲಿಲ್ಲ. ಮರುದಿನ ಶಾಲೆಯ ಶೌಚಾಲಯಕ್ಕೆ ಹೋದವಳು ಕೆಂಪು ಮೂತ್ರ ನೋಡಿ ಗೋಡೆ ಹಿಡಿದುಕೊಂಡೆ. ಮೂತ್ರಪಿಂಡವೇ ಹೋಯಿತೆಂದುಕೊಂಡು ಎರಡು ಪೀರಿಯಡ್ ಪಾಠ ಮಾಡಿದೆ. ಏನು ಹೇಳಿಕೊಟ್ಟೆನೋ ದೇವರಿಗೇ ಗೊತ್ತು. ಮೂರನೆಯ ಪೀರಿಯಡ್‌ನಲ್ಲಿ ನಾಲ್ಕನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, ಭಾರಿ ಗಂಭೀರವಾಗಿ, "ಟೀಚರ್, ನಿಮಗೂ ಕೆಂಪು ಬಂತಾ?" ಎಂದ. ತರಗತಿಯಲ್ಲಿ ಯಾರದ್ದು ಹೆಚ್ಚು ಕೆಂಪು ಎಂಬ ಪೈಪೋಟಿ ಬೆಳಗಿನಿಂದ ನಡೆದಿತ್ತಂತೆ.

ಹದಿನೆಂಟು ಮದ್ದುಗಳನ್ನು ನಾನು ನಂಬುತ್ತೇನೆಯೇ? ಈ ಸೊಪ್ಪನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ, ಜೀವಕೋಶಗಳ ಸವೆತ ತಡೆಯಬಲ್ಲ ವಸ್ತುಗಳಿವೆ ಎಂದಿದ್ದಾರೆ. ಅಂಥ ವಸ್ತುಗಳು ನೇರಳೆ ಹಣ್ಣಿನಲ್ಲೂ ಇವೆ, ನುಗ್ಗೆ ಸೊಪ್ಪಿನಲ್ಲೂ ಇವೆ. ವರ್ಷಕ್ಕೊಮ್ಮೆ ಒಂದು ಬಟ್ಟಲು ಪಾಯಸ ತಿಂದರೆ ಮುಂದಿನ ಆಟಿಯವರೆಗೆ ರೋಗ ಸುಳಿಯದು ಎಂಬುದನ್ನು ನನ್ನ ತಲೆ ಒಪ್ಪುವುದಿಲ್ಲ. ಆದರೂ ಆಗಸ್ಟ್ 3ರಂದು ತಪ್ಪಿಸಿದ ವರ್ಷವಿಲ್ಲ. ಪುಷ್ಯ ಮಳೆಯಲ್ಲಿ ತೊಯ್ದು, ಬಿಸಿಲು ಕಾಣದೆ ಮಂಕು ಹಿಡಿದ ಮನೆಯಲ್ಲಿ ಅವತ್ತು ಬೆಲ್ಲ, ತೆಂಗು, ಏಲಕ್ಕಿಯ ಘಮ ಏಳುತ್ತದೆ. ನಾಟಿ ಮಾಡಿ ಸೊಂಟ ಬಿದ್ದವರೆಲ್ಲ ಒಲೆಯ ಸುತ್ತ ಕೂರುತ್ತಾರೆ. ಅದು ಯಾವ ಮದ್ದಿನ ಲೆಕ್ಕಕ್ಕೆ ಸೇರುತ್ತದೋ ಗೊತ್ತಿಲ್ಲ.

ಮನೆಮದ್ದಿನ ಮೇಲಿನ ನನ್ನ ಭರವಸೆಗೆ ಪೆಟ್ಟು ಬಿದ್ದದ್ದು 2011ರಲ್ಲಿ. ಅಷ್ಟರಲ್ಲಿ ನಾನು ಪಕ್ಕಾ ಕೊಡಗಿನವಳಂತೆ ಮೆರೆಯುತ್ತಿದ್ದೆ. ಒಂದು ಭಾನುವಾರ ಹುರುಪಿನಿಂದ ಅವ್ವನ ಗದ್ದೆಗೆ ನಾಟಿಗೆ ಇಳಿದೆ, ಹಿಮ್ಮಡಿ ಒಡೆದಿತ್ತು, ಬರಿಗಾಲು. ಹತ್ತು ದಿನ ಕಳೆದು ಚಳಿಜ್ವರ ಬಂತು. ನೆನೆದದ್ದಕ್ಕೆ ಬಂದಿದೆ ಎಂದು ನನಗೆ ನಾನೇ ವೈದ್ಯಳಾದೆ. ಹತ್ತು ಕಾಳು ಮೆಣಸು, ಹೆಬ್ಬೆರಳಷ್ಟು ಶುಂಠಿ, ಒಂದು ಚಮಚ ಜೀರಿಗೆ ಜಜ್ಜಿ, ಎರಡು ಲೋಟ ನೀರನ್ನು ಒಂದಕ್ಕೆ ಇಳಿಸಿ, ಬೆಲ್ಲ ಹಾಕಿದ ಕಷಾಯ. ನೆಗಡಿಗೆ, ಗಂಟಲು ಕಟ್ಟಿದಾಗ ಅದು ಎಂದೂ ಕೈಬಿಟ್ಟಿರಲಿಲ್ಲ. ದೊಡ್ಡಪತ್ರೆ ಎಲೆ ಬಾಡಿಸಿ ರಸ ಕುಡಿದೆ, ಹಬೆ ತೆಗೆದುಕೊಂಡೆ. ನಾಲ್ಕು ದಿನ. ಜ್ವರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಐದನೆಯ ದಿನ ಗಂಜಿ ತಂದ ಅವ್ವ ನನ್ನ ಕಣ್ಣು ನೋಡಿದರು. ಬಿಳಿಭಾಗ ಕೆಂಡದಂತಾಗಿತ್ತು. ಗಂಜಿಯನ್ನು ಕೆಳಗಿಟ್ಟು, "ಇದು ಕಷಾಯದ ಜ್ವರ ಅಲ್ಲ" ಎಂದವರೇ ಪಕ್ಕದ ಮನೆಯ ಜೀಪು ಕರೆಸಿದರು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಗದ್ದೆಗೆ ಇಳಿದಿದ್ದಿರಾ ಎಂದು. ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಗಾಯದ ಮೂಲಕ, ನೆನೆದು ಮೆತ್ತಗಾದ ಚರ್ಮದ ಮೂಲಕ ಒಳಸೇರುತ್ತದೆ. ತಡ ಮಾಡಿದರೆ ಯಕೃತ್ತು, ಮೂತ್ರಪಿಂಡ ಎರಡಕ್ಕೂ ಕುತ್ತು. ಏಳು ದಿನ ಸೂಜಿಯ ಮೂಲಕ ಪ್ರತಿಜೈವಿಕ ಔಷಧ ಕೊಟ್ಟರು, ಉಳಿದುಕೊಂಡೆ. ಹಳ್ಳಿಯ ಎಪ್ಪತ್ತರ ಮುದುಕಿಗೆ ತನ್ನ ಮದ್ದಿನ ಗಡಿ ಎಲ್ಲಿದೆಯೆಂದು ಗೊತ್ತಿತ್ತು, ಬಿ.ಎಡ್. ಮಾಡಿದ ನನಗೆ ಗೊತ್ತಿರಲಿಲ್ಲ ಎಂಬ ನಾಚಿಕೆ ಮಾತ್ರ ಜ್ವರಕ್ಕಿಂತ ಹೆಚ್ಚು ದಿನ ಕಾಡಿತು.

ಆಮೇಲೆ ನನ್ನ ರೂಢಿಗಳು ಸ್ವಲ್ಪ ಬದಲಾದವು. ಗದ್ದೆಗೆ ಇಳಿದರೆ ಗಂಬೂಟು, ಗಾಯವಿದ್ದರೆ ಇಳಿಯುವುದೇ ಇಲ್ಲ. ಮಳೆಗಾಲದಲ್ಲಿ ಜ್ವರ ಬಂದರೆ ಎರಡು ದಿನ ಕಾಯುತ್ತೇನೆ, ಮೂರನೆಯ ದಿನ ರಕ್ತಪರೀಕ್ಷೆ. ಕಣ್ಣು ಕೆಂಪಾದರೆ, ಮೀನಖಂಡ ನೋಯುತ್ತಿದ್ದರೆ ಆ ಎರಡು ದಿನವೂ ಇಲ್ಲ. ಬಾವಿ ನೀರು ಎಷ್ಟು ತಿಳಿಯಾಗಿ ಕಂಡರೂ ಕುದಿಸದೆ ಕುಡಿಯುವುದಿಲ್ಲ. ಕಷಾಯವನ್ನು ಬಿಟ್ಟಿಲ್ಲ, ಅದರ ಪಾಡಿಗೆ ಅದು ನೆಗಡಿಯನ್ನು ನೋಡಿಕೊಳ್ಳುತ್ತದೆ.

ಇಂಬಳಗಳ ಬಗ್ಗೆಯೂ ಒಂದು ಮಾತು. ಕಚ್ಚಿದ ಇಂಬಳವನ್ನು ಎಳೆಯಬೇಡಿ. ಉಗುರನ್ನು ಅದರ ಬಾಯಿಯ ಅಡಿಗೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಏನನ್ನೋ ಉಗುಳಿರುವುದರಿಂದ ಬಹಳ ಹೊತ್ತು ಸೋರುತ್ತದೆ, ಹೆದರಬೇಕಿಲ್ಲ. ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು ಹೋಗುವವರಿದ್ದಾರೆ. ನಾನು ಉದ್ದ ಕಾಲುಚೀಲದ ಒಳಗೆ ಪೈಜಾಮ ಸಿಕ್ಕಿಸಿಕೊಂಡು ಹೋಗುತ್ತೇನೆ, ನೋಡುವವರು ನಕ್ಕರೆ ನಗಲಿ.

ಜೇನಿನ ಬಗ್ಗೆ ಬರೆಯಲು ಕುಳಿತರೆ ಬೇರೆಯದೇ ಲೇಖನವಾದೀತು. ಅವ್ವನ ಹಿತ್ತಿಲಲ್ಲಿ ಸಾಲು ಸಾಲು ಜೇನುಪೆಟ್ಟಿಗೆಗಳಿದ್ದವಂತೆ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ಜೇನುಹುಳುಗಳಿಗೆ ತಗುಲಿದ ವೈರಸ್ ರೋಗದಲ್ಲಿ ಮರಿಗಳೆಲ್ಲ ಸತ್ತು ಪೆಟ್ಟಿಗೆ ಬರಿದಾದವು. ನಾನು ಬಂದಾಗ ಅವುಗಳಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಈಗ ಎರಡು ಪೆಟ್ಟಿಗೆಗಳಲ್ಲಿ ಮತ್ತೆ ಹುಳುಗಳಿವೆ. ಕೆಮ್ಮಿಗೆ ರಾತ್ರಿ ಒಂದು ಚಮಚ ಜೇನು ನನಗೆ ಸಾಕಷ್ಟು ಹಿತ ಕೊಡುತ್ತದೆ. ಆದರೆ ಒಂದು ವರ್ಷ ತುಂಬದ ಮಗುವಿನ ನಾಲಗೆಗೆ ಸವರಲು ಯಾರಾದರೂ ಹೊರಟರೆ ಕೈ ಹಿಡಿದು ತಡೆಯುತ್ತೇನೆ. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗೂಸಿನ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲದು. ಈ ಒಂದು ವಿಷಯದಲ್ಲಿ ಅವ್ವನಿಗೂ ನನಗೂ ದೊಡ್ಡ ಜಗಳವಾಗಿ, ಮೂರು ದಿನ ಮಾತು ಬಿಟ್ಟಿದ್ದೆವು. ನಾಲ್ಕನೆಯ ದಿನ ಬೆಲ್ಲದ ಕಾಫಿ ಬಂತು, ಕಿಟಕಿಯ ಮೂಲಕ.

ಅವ್ವನಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂದ. ಈ ಸಲ ಸೊಪ್ಪು ಕೊಯ್ಯುವ ಕೆಲಸ ನನ್ನದೇ. ಜೂನ್‌ನಲ್ಲಿ ನಮ್ಮ ಶಾಲೆಗೆ ರಾಯಚೂರಿನ ಕಡೆಯ ಹುಡುಗಿಯೊಬ್ಬಳು ಟೀಚರ್ ಆಗಿ ಬಂದಿದ್ದಾಳೆ. ಮೊದಲ ವಾರ ಜಗಲಿಯಲ್ಲಿ ನಿಂತು ಮಳೆಯ ವಿಡಿಯೋ ಮಾಡಿ ಮನೆಗೆ ಕಳಿಸುತ್ತಿದ್ದಳು. ಮೊನ್ನೆ ಸ್ಟಾಫ್ ರೂಮಿನಲ್ಲಿ ಒದ್ದೆ ಜಡೆಯನ್ನು ಹಿಂಡುತ್ತ, "ಅಕ್ಕಾ, ಇಲ್ಲಿ ಕೂದಲು ಒಣಗಿಸುವುದಾದರೂ ಹೇಗೆ?" ಎಂದಳು, ಅಳುವುದೊಂದು ಬಾಕಿ. ಸಂಜೆ ಮನೆಗೆ ಬಾ, ಒಲೆ ಹತ್ತಿರುತ್ತದೆ, ಒಗೆದ ಬಟ್ಟೆಯನ್ನೂ ತಾ ಎಂದೆ. ಗಳದಲ್ಲಿ ಜಾಗ ಮಾಡಬೇಕು.