ಬಿಳಿ ಪುಡಿಯ ಹೆಸರು ಕೊನೆಗೆ ಬರೆಯಿರಿ

ಪ್ರಾಕ್ಟಿಕಲ್ ದಿನ ನಿಮ್ಮ ಕೈಗೆ ಒಂದು ಕಾಗದದ ಪೊಟ್ಟಣ ಬರುತ್ತದೆ. ಒಳಗೆ 2 ಗ್ರಾಂ ಬಿಳಿ ಪುಡಿ. ಎರಡು ವಸ್ತು ಬೆರೆತಿವೆ, ಬೇರೆ ಮಾಡಿ, ಗುರುತಿಸಿ, ಹೆಸರು ಬರೆಯಿರಿ ಅಂತ ಪ್ರಶ್ನೆ. ಪೊಟ್ಟಣ ಬಿಚ್ಚುವ ಮೊದಲೇ ಪಕ್ಕದವರ ಕಡೆ ಬಾಗಿ "ನಿಂದು ಬೆಂಜೋಯಿಕ್ಕಾ?" ಅಂತ ಕೇಳುವವರನ್ನು ಕಲಬುರಗಿಯ ಕಾಲೇಜು ಲ್ಯಾಬ್‌ನಲ್ಲಿ 22 ವರ್ಷದಿಂದ ನೋಡುತ್ತಿದ್ದೇನೆ. ಹೆಸರು ಮೊದಲೇ ತಲೆಯಲ್ಲಿ ಕೂತರೆ ಇಲ್ಲದ ನೊರೆಯೂ ಕಾಣುತ್ತದೆ, ಬಾರದ ಬಣ್ಣವೂ ಬರುತ್ತದೆ.

ಬೈಯುತ್ತಿಲ್ಲ. ನಾನೇ ಮಾಡಿದ ತಪ್ಪು ಅದು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನನಗೆ ಬಂದ ಜೋಡಿ ಬೆಂಜೋಯಿಕ್ ಆಮ್ಲ ಮತ್ತು 2-ನ್ಯಾಫ್ತಾಲ್. ಬೈಕಾರ್ಬೊನೇಟ್ ಹಾಕಿ ಕಲಕಿದೆ, ಸೋಸಿದೆ. ಫಿಲ್ಟರ್ ಪೇಪರ್ ಮೇಲೆ ಉಳಿದ ಪುಡಿಯನ್ನು ಜೋಪಾನ ಮಾಡಿದೆ. ಕೆಳಗೆ ಇಳಿದದ್ದು ತಿಳಿ ನೀರು. ಸುಮ್ನೆ ನೀರು ಅಂದುಕೊಂಡು ಸಿಂಕಿಗೆ ಸುರಿದೆ. ಉಳಿದ ಪುಡಿ 122 ಡಿಗ್ರಿಗೆ ಕರಗಿತು. ಕರಗುವ ಬಿಂದುಗಳ ಪಟ್ಟಿ ನೋಡಿದೆ, ಬೆಂಜೋಯಿಕ್ ಆಮ್ಲ 122. ಧೈರ್ಯವಾಗಿ ಬರೆದುಕೊಟ್ಟೆ. ಬೆಂಜೋಯಿಕ್ ಆಮ್ಲ ಅಷ್ಟೊತ್ತಿಗೆ ಚರಂಡಿ ಸೇರಿತ್ತು. ನನ್ನ ಕೈಯಲ್ಲಿದ್ದದ್ದು ನ್ಯಾಫ್ತಾಲ್. ಅದೂ ಕರಗುವುದು ಸುಮಾರು 122ಕ್ಕೇ!

ಅದೇ ಜೋಡಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಕನ್ನಡದಲ್ಲಿ ಸಕ್ಕರೆ ನೀರಲ್ಲಿ ಕರಗುತ್ತದೆ, ಬೆಣ್ಣೆಯೂ ಬಿಸಿಗೆ ಕರಗುತ್ತದೆ. ಎರಡಕ್ಕೂ ಒಂದೇ ಪದ. ಅಡುಗೆಮನೆಯಲ್ಲಿ ನಡೆಯುತ್ತದೆ, ರೆಕಾರ್ಡ್ ಪುಸ್ತಕದಲ್ಲಿ ನಡೆಯಲ್ಲ. ನೀರಲ್ಲಿ ಸೇರಿಹೋದರೆ ವಿಲೀನ ಅಂತ ಬರೆಯಿರಿ. ಕರಗುವುದನ್ನು ಬಿಸಿಗೆ ಮಾತ್ರ ಇಟ್ಟುಕೊಳ್ಳಿ.

ಈಗ ಬೇರೆ ಮಾಡುವುದು. ಪುಸ್ತಕದಲ್ಲಿ ಈಥರ್, ಸೆಪರೇಟಿಂಗ್ ಫನಲ್ ಅಂತ ಇರುತ್ತದೆ. ಈಥರ್ ಕುದಿಯುವುದು 34.6 ಡಿಗ್ರಿಗೆ. ನಮ್ಮ ಊರಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಅಂದರೆ ಒಲೆ ಇಲ್ಲದೆ ಮೇಜಿನ ಮೇಲೇ ಅದು ಕುದಿಯೋಕೆ ತಯಾರು. ಮುಚ್ಚಳ ತೆಗೆದರೆ ಬುಸ್ ಅನ್ನುತ್ತದೆ, ಆವಿ ನೆಲದ ಮೇಲೆ ಹರಿದು ದೂರದ ಬರ್ನರ್‌ವರೆಗೂ ಹೋಗಿ ಬೆಂಕಿ ಹಿಡಿಯಬಹುದು. ಎರಡು ಘನ ವಸ್ತುಗಳ ಮಿಶ್ರಣಕ್ಕೆ ಅದರ ಉಸಾಬರಿಯೇ ಬೇಡ. ಬೀಕರ್, ಗಾಜಿನ ಕಡ್ಡಿ, ಫಿಲ್ಟರ್ ಪೇಪರ್ ಇದ್ದರೆ ಸಾಕು. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಮೇಷ್ಟ್ರು ಇರಲಿ.

ಪುಡಿಯನ್ನು ದೊಡ್ಡ ಬೀಕರ್‌ಗೆ ಹಾಕಿ. ಸ್ಯಾಚುರೇಟೆಡ್ ಸೋಡಿಯಂ ಬೈಕಾರ್ಬೊನೇಟ್ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ, ಒಟ್ಟು 20 ಮಿಲಿಯಷ್ಟು ಸೇರಿಸಿ. ಇದು ಅಡುಗೆ ಸೋಡಾನೇ. ಬೆಂಜೋಯಿಕ್‌ನಂಥ ಕಾರ್ಬಾಕ್ಸಿಲಿಕ್ ಆಮ್ಲ ಇದ್ದರೆ ಬುರುಬುರು ನೊರೆ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಆಮ್ಲ ಸೋಡಿಯಂ ಬೆಂಜೋಯೇಟ್ ಆಗಿ ನೀರಿಗೆ ಇಳಿಯುತ್ತದೆ. ನ್ಯಾಫ್ತಾಲ್ ದುರ್ಬಲ ಆಮ್ಲ, ಬೈಕಾರ್ಬೊನೇಟಿಗೆ ಜಗ್ಗುವುದಿಲ್ಲ, ತಳದಲ್ಲೇ ಕೂತಿರುತ್ತದೆ. ನೊರೆ ನಿಲ್ಲುವವರೆಗೂ ಕಲಕಿ. ಬೇಗ ಆಗಲಿ ಅಂತ ಬಿಸಿ ಮಾಡಬೇಡಿ. ಬಿಸಿಯಾದರೆ ಬೈಕಾರ್ಬೊನೇಟ್ ಕಾರ್ಬೊನೇಟ್ ಆಗುತ್ತದೆ. ಕಾರ್ಬೊನೇಟ್ ನ್ಯಾಫ್ತಾಲನ್ನೂ ಎಳೆದುಕೊಳ್ಳತೊಡಗುತ್ತದೆ, ಬೇರೆ ಮಾಡಿದ್ದೆಲ್ಲ ವ್ಯರ್ಥ.

ಸೋಸಿ. ಪೇಪರ್ ಮೇಲಿನದನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆಯಿರಿ. ಕೆಳಗಿನ ನೀರಿಗೆ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಅಂಟಿಸಿ. ವೈವಾ, ಅಂದರೆ ಬಾಯಿ ಪರೀಕ್ಷೆ, ಮುಗಿದು ಬ್ಯಾಗ್ ಹೆಗಲಿಗೇರುವವರೆಗೆ ಯಾವ ಬೀಕರ್ ಕೂಡ ಸಿಂಕಿಗೆ ಹೋಗಬಾರದು. ಯಾಕೆ ಅಂತ ಮೇಲೆ ಹೇಳಿದೆನಲ್ಲ.

ಆ ನೀರಿಗೆ ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡಿ. ಮತ್ತೆ ನೊರೆ ಬರುತ್ತದೆ, ಆದರೆ ಈ ಸಲ ಅದು ಉಳಿದ ಬೈಕಾರ್ಬೊನೇಟಿನದು. ಒಂದೇ ಸಲ ಸುರಿದರೆ ಹಾಲು ಉಕ್ಕಿದ ಹಾಗೆ ಉಕ್ಕಿ ನಿಮ್ಮ ಬೆಂಜೋಯಿಕ್ ಮೇಜಿನ ಪಾಲು. ನೀಲಿ ಲಿಟ್ಮಸ್ ಕೆಂಪಾಗುವವರೆಗೂ ಹಾಕಿ. ತಿಳಿ ನೀರಿನಲ್ಲಿ ಇದ್ದಕ್ಕಿದ್ದಂತೆ ಬಿಳಿ ಮೋಡ ಕಟ್ಟುತ್ತದೆ. ನೂರಾರು ಸಲ ನೋಡಿದ್ದೇನೆ, ಈಗಲೂ ಒಂದು ಕ್ಷಣ ನಿಂತು ನೋಡುತ್ತೇನೆ.

ಇನ್ನು ಶುದ್ಧ ಮಾಡುವುದು. 100 ಮಿಲಿ ನೀರಿನಲ್ಲಿ 25 ಡಿಗ್ರಿಗೆ ವಿಲೀನವಾಗುವ ಬೆಂಜೋಯಿಕ್ ಆಮ್ಲ ಸುಮಾರು 0.34 ಗ್ರಾಂ. ಕುದಿಯುವ ನೀರಿನಲ್ಲಿ 5 ಗ್ರಾಂಗಿಂತ ಜಾಸ್ತಿ. ಹಾಗಾಗಿ ಸ್ವಲ್ಪವೇ ಕುದಿನೀರಿನಲ್ಲಿ ವಿಲೀನ ಮಾಡಿ, ಬಿಸಿ ಇರುವಾಗಲೇ ಸೋಸಿ, ಅಲ್ಲಾಡಿಸದೆ ಬಿಡಿ. ಹೊಳೆಯುವ ಹರಳು ಬೀಳುತ್ತದೆ. ಬೇಸಿಗೆಯಲ್ಲಿ ನಮ್ಮ ಲ್ಯಾಬ್‌ನ ನೀರು 25ಕ್ಕೆ ಇಳಿಯುವುದೇ ಇಲ್ಲ, ಒಂದಷ್ಟು ಹರಳು ನೀರಲ್ಲೇ ಉಳಿಯುತ್ತದೆ. ಪರೀಕ್ಷೆ ದಿನ ಬೆಳಿಗ್ಗೆ ಜ್ಯೂಸ್ ಅಂಗಡಿಯಿಂದ ಒಂದು ಚೀಲ ಬರ್ಫ್ ತರಿಸಿಟ್ಟುಕೊಳ್ಳುತ್ತೇನೆ. ಅಮೈನ್‌ಗಳನ್ನು ಬಣ್ಣದಿಂದ ಗುರುತಿಸುವ ಡಯಾಜೋ ಪರೀಕ್ಷೆಗೂ ಅದೇ ಬೇಕು. ಅಲ್ಲಿ 5 ಡಿಗ್ರಿ ದಾಟಿದರೆ ಬಣ್ಣ ಕೊಡಬೇಕಾದ ಡಯಾಜೋನಿಯಂ ಲವಣ ಒಡೆಯಲು ಶುರು, ಬಣ್ಣ ಬರಲಿಲ್ಲ ಅಂತ ಅಳು ಶುರು.

ಹರಳು ಪೂರ್ತಿ ಒಣಗಿದ ಮೇಲೆ ಕರಗುವ ಬಿಂದು ನೋಡಿ. ಒದ್ದೆ ಇದ್ದರೆ ನಾಲ್ಕೈದು ಡಿಗ್ರಿ ಕೆಳಗೇ ಕರಗಿ ನಿಮ್ಮನ್ನು ಬೇರೆ ಪಟ್ಟಿಗೆ ಕಳಿಸುತ್ತದೆ. ಕೊನೆಗೆ ಬರುವಾಗ ನಿಮಿಷಕ್ಕೆ ಒಂದೆರಡು ಡಿಗ್ರಿಗಿಂತ ಜೋರಾಗಿ ಏರಿಸಬೇಡಿ. ಕರಗಲು ಶುರುವಾದದ್ದು, ಪೂರ್ತಿ ಕರಗಿದ್ದು, ಎರಡೂ ಬರೆಯಿರಿ. 121ರಿಂದ 122 ಬಂದರೆ ಶುದ್ಧ. 112ರಿಂದ 120 ಅಂದರೆ ಇನ್ನೂ ಕಲಬೆರಕೆ.

ಎರಡೂ 122 ಬಂದರೆ? ನನಗೆ ಆಗ ಯಾರೂ ಹೇಳಿಕೊಡದ ಉಪಾಯ ಇಲ್ಲಿದೆ. ನಿಮ್ಮ ಹರಳಿಗೆ ಬಾಟಲಿಯಲ್ಲಿರುವ ಅಸಲಿ ಬೆಂಜೋಯಿಕ್ ಆಮ್ಲವನ್ನು ಅಷ್ಟೇ ಬೆರೆಸಿ, ಒಟ್ಟಿಗೆ ಅರೆದು ಮತ್ತೆ ಕರಗಿಸಿ. 122ಕ್ಕೇ ಕರಗಿದರೆ ಎರಡೂ ಒಂದೇ. ಕೆಳಗಿಳಿದು ನಿಧಾನಕ್ಕೆ ಮೆತ್ತಗಾಗುತ್ತಾ ಕರಗಿದರೆ ನಿಮ್ಮ ಕೈಯಲ್ಲಿರುವುದು ಬೇರೆ ವಸ್ತು.

ವಸ್ತು ಯಾವ ಗುಂಪಿನದು ಅಂತ ತಿಳಿಸುವ ಪರೀಕ್ಷೆಗಳು ಎಲ್ಲ ಮ್ಯಾನುಯಲ್‌ನಲ್ಲೂ ಇವೆ. ಫೆರಿಕ್ ಕ್ಲೋರೈಡಿಗೆ ನ್ಯಾಫ್ತಾಲ್ ಹಸಿರು ಛಾಯೆ ಕೊಡುತ್ತದೆ, ನ್ಯೂಟ್ರಲ್ ಫೆರಿಕ್ ಕ್ಲೋರೈಡಿಗೆ ಬೆಂಜೋಯೇಟ್ ಮಣ್ಣಿನ ಬಣ್ಣದ ಗಸಿ. ಒಂದನ್ನು ಮಾತ್ರ ಒತ್ತಿ ಹೇಳಬೇಕು. ಪುಡಿಯನ್ನು ಸೋಡಿಯಂ ಜೊತೆ ಕಾಯಿಸಿ ನೀರಿಗೆ ಹಾಕಿ ಮಾಡುವ ಸೋಡಿಯಂ ಎಕ್ಸ್‌ಟ್ರಾಕ್ಟಿಗೆ ನಲ್ಲಿ ನೀರು ಬಳಸಬೇಡಿ. ಶಹಾಬಾದ್ ಕಲ್ಲಿನ ಸೀಮೆ ನಮ್ಮದು, ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಅದರ ಜೊತೆಗೇ ಕ್ಲೋರೈಡ್ ಕೂಡ ಇರುತ್ತದೆ. ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಗಸಿ ಬಿದ್ದು ಪುಡಿಯಲ್ಲಿ ಹ್ಯಾಲೋಜನ್ (ಕ್ಲೋರಿನ್ ಥರದ್ದು) ಇದೆ ಅಂತ ನಂಬಿಸುತ್ತದೆ. ಒಂದು ವರ್ಷ ಇಡೀ ಬ್ಯಾಚಿಗೆ ಕ್ಲೋರಿನ್ ಸಿಕ್ಕಿತ್ತು.

ಈಗ ಹೆಸರು. ಬೆಂಜೋಯಿಕ್ ಅನ್ನುವ ಹೆಸರು ನಮ್ಮ ಊರಿಗೆ ದೂರದ್ದೇನಲ್ಲ. ಬಂದೇನವಾಜ್ ದರ್ಗಾದ ಕಡೆ ಹೋದರೆ ಮೂಗಿಗೆ ಬಡಿಯುವ ಲೋಬಾನದ ಸಂಬಂಧಿ ಅದು. ಅರಬ್ಬಿಯಲ್ಲಿ ಲುಬಾನ್ ಜಾವಿ, ಜಾವಾದ ಧೂಪ. ಆ ಮಾತು ಯುರೋಪಿನ ಬಾಯಲ್ಲಿ ಸವೆದು ಬೆಂಜೋಯಿನ್ ಆಯಿತು, ಆ ಅಂಟಿನಿಂದ ತೆಗೆದ ಆಮ್ಲ ಬೆಂಜೋಯಿಕ್ ಆಯಿತು. ಹೀಗೆ ಸಿಕ್ಕಿದ ಜಾಗದ ಹೆಸರೇ ಇಡುತ್ತಾ ಹೋದರೆ ಲೆಕ್ಕ ಸಿಗಲ್ಲ ಅಂತ 1892ರಲ್ಲಿ ಜಿನೀವಾದಲ್ಲಿ ಕೂತು ನಿಯಮ ಮಾಡಿದರು. 1919ರಲ್ಲಿ ಹುಟ್ಟಿದ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಅದನ್ನು ಮುಂದುವರಿಸಿತು. 2-ನ್ಯಾಫ್ತಾಲ್ ಆ ಲೆಕ್ಕದಲ್ಲಿ ನ್ಯಾಫ್ತಲೀನ್-2-ಆಲ್. ಕೊನೆಯ ಆಲ್ (-ol) ನೋಡಿದರೆ ಅದು ಹೈಡ್ರಾಕ್ಸಿ (OH) ಮನೆತನ ಅಂತ ಗೊತ್ತಾಗುತ್ತದೆ. ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರಿನ ಕೊನೆಗೆ ಆಳಂದ, ಸೇಡಂ ಅಂತ ಇದ್ದರೆ ಊರು ತಿಳಿಯುತ್ತದಲ್ಲ, ಹಾಗೆ.

ಮಕ್ಕಳು ಎಡವುವುದು ಹೆಸರಿಗೆ ಬೇಕಾದ ಉದ್ದದ ಕಾರ್ಬನ್ ಸರಪಳಿ ಹುಡುಕುವಲ್ಲಿ. ನಾಲ್ಕು ಕಾರ್ಬನ್ ಅಡ್ಡಡ್ಡ ಇವೆ, ಒಂದು ತುದಿಯದು ಆಲ್ಡಿಹೈಡ್, ಅಲ್ಲಿಂದ ಮೂರನೆಯದಕ್ಕೆ ಎರಡು ಕಾರ್ಬನ್‌ನ ಈಥೈಲ್ ಕೆಳಗೆ ನೇತಾಡುತ್ತಿದೆ ಅಂದುಕೊಳ್ಳಿ. ತಕ್ಷಣ 3-ಈಥೈಲ್‌ಬ್ಯೂಟನಲ್ (butanal) ಅಂತಾರೆ. ಅಡ್ಡ ಬರೆದದ್ದೇ ಉದ್ದ ಅಂತ ಎಲ್ಲಿದೆ? ನಾನು ತೊಗರಿ ಕಾಳು ಕೊಟ್ಟು ಪೇಪರ್ ಮೇಲೆ ಜೋಡಿಸಿ ಅನ್ನುತ್ತೇನೆ. ಆಲ್ಡಿಹೈಡ್ ಕಾಳಿನಿಂದ ಎಣಿಸಿ, ಮೂರಕ್ಕೆ ಬಂದು ಕೆಳಗೆ ತಿರುಗಿದರೆ ನಾಲ್ಕು, ಐದು. ಉದ್ದದ ಸಾಲು ಐದರದು. ಅಡ್ಡ ಸಾಲಿನಲ್ಲಿ ಉಳಿದ ಒಂಟಿ ಕಾಳು ಮಿಥೈಲ್. ಹೆಸರು 3-ಮಿಥೈಲ್‌ಪೆಂಟನಲ್ (pentanal), ಕೊನೆಯ ಅಲ್ (-al) ಆಲ್ಡಿಹೈಡಿನದು. ಹತ್ತು ರಚನೆಗಳನ್ನು ಹೀಗೆ ಜೋಡಿಸಿ, ತಿರುಗಿಸಿ, ಎಣಿಸಿ ನೋಡಿ. ಲ್ಯಾಬ್ ಮೇಜಿನ ಮೇಲೆ ಒಮ್ಮೆ ಇಟ್ಟ ಕಾಳನ್ನು ಮಾತ್ರ ವಾಪಸ್ ಅಡುಗೆಮನೆಗೆ ಒಯ್ಯಬೇಡಿ.