ಅಮೆರಿಕದಲ್ಲಿ ನ್ಯಾನಿ ಒಪ್ಪಂದ ನವೀಕರಣ: ಒಂದು ಡಾಲರ್ ಹೆಚ್ಚಿಸಿದರೆ ಖರ್ಚು ಎಷ್ಟು?

ಮಗು ನೋಡಿಕೊಳ್ಳುವ ನ್ಯಾನಿಯ ಒಪ್ಪಂದಕ್ಕೆ ವರ್ಷ ತುಂಬಲು ಆರೆಂಟು ವಾರ ಇರುವಾಗಲೇ ಅವರೊಂದಿಗೆ ಮಾತಿಗೆ ಕೂರಿ. ಕೊನೆಯ ವಾರಕ್ಕೆ ಬಿಟ್ಟರೆ, ಮಾತು ಮುರಿದಾಗ ಬೇರೆ ದಾರಿ ಹುಡುಕಲು ನಿಮಗೂ ಸಮಯವಿಲ್ಲ, ಅವರಿಗೂ ಇಲ್ಲ.

ಸಂಬಳವನ್ನು ಗಂಟೆಯ ಲೆಕ್ಕದಲ್ಲಿ, ತೆರಿಗೆ ಕಳೆಯುವ ಮೊದಲಿನ ಮೊತ್ತದಲ್ಲೇ ಮಾತಾಡಿ. ‘ವಾರಕ್ಕೆ ಕೈಗೆ ಇಷ್ಟು’ ಎಂದು ಒಪ್ಪಿಕೊಂಡರೆ ಓವರ್‌ಟೈಮ್ ಅದರಲ್ಲಿ ಸೇರಿದೆಯೇ ಎಂಬ ಜಗಳ ಖಂಡಿತ. ನಿಮ್ಮ ಮನೆಯಲ್ಲಿ ವಾಸವಿರದ ನ್ಯಾನಿಗೆ ವಾರಕ್ಕೆ 40 ಗಂಟೆ ದಾಟಿದ ಕೆಲಸಕ್ಕೆ ಒಂದೂವರೆ ಪಟ್ಟು ಕೊಡಬೇಕೆಂಬುದು ಫೆಡರಲ್ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 9 ಗಂಟೆ ದಾಟಿದರೂ ಕೊಡಬೇಕು.

ಗಂಟೆಗೆ 24 ಡಾಲರ್, ವಾರಕ್ಕೆ 45 ಗಂಟೆ ಎಂದುಕೊಳ್ಳಿ: ಮೊದಲ 40 ಗಂಟೆಗೆ 960, ಓವರ್‌ಟೈಮಿನ 5 ಗಂಟೆಗೆ 180, ಸೇರಿ ವಾರಕ್ಕೆ 1,140. 25 ಡಾಲರ್ ಮಾಡಿದರೆ 1,187.50. ವರ್ಷಕ್ಕೆ 2,470 ಡಾಲರ್ ಹೆಚ್ಚು. ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆಯಲ್ಲಿ ನಿಮ್ಮ ಪಾಲಿನ 7.65% ಸೇರಿದರೆ ಸುಮಾರು 2,660. ಈ ಮೊತ್ತ ನೋಡಿಕೊಂಡೇ ಮಾತು ಕೊಡಿ. 2026ಕ್ಕೆ ಸೋಶಿಯಲ್ ಸೆಕ್ಯುರಿಟಿ ಪಿಂಚಣಿಯೇ 2.8% ಏರಿದೆ, ಅದಕ್ಕಿಂತ ಕಡಿಮೆ ಕೊಟ್ಟು ‘ಹೆಚ್ಚಳ’ ಎನ್ನುವುದು ನ್ಯಾಯವಲ್ಲ. ಎರಡನೇ ಮಗು ಬಂದರೆ ಅದರ ದರ ಬೇರೆ. ವಾರ್ಷಿಕ ಹೆಚ್ಚಳದಲ್ಲಿ ಅದನ್ನು ಕರಗಿಸಬೇಡಿ.

ನಮ್ಮವರ ಮನೆಗಳಲ್ಲಿ ಒಪ್ಪಂದ ಕೆಡುವುದು ಹೆಚ್ಚಾಗಿ ಊರಿನ ಪ್ರಯಾಣದಿಂದ. ಡಿಸೆಂಬರಿನಲ್ಲಿ ನೀವು ನಾಲ್ಕು ವಾರ ಬೆಂಗಳೂರಿಗೆ ಹೋದರೂ ಅವರ ಮನೆ ಬಾಡಿಗೆ ನಿಲ್ಲುವುದಿಲ್ಲ. ‘ಖಾತರಿ ಗಂಟೆಗಳು’ ಎಂಬ ಷರತ್ತು ಬರೆಯಿರಿ: ಕುಟುಂಬಕ್ಕೆ ಕೆಲಸ ಬೇಡವಾದ ವಾರಕ್ಕೂ ಪೂರ್ತಿ ಸಂಬಳ. ಅವರ ಸಂಬಳದ ರಜೆಯನ್ನೆಲ್ಲ ಆ ನಾಲ್ಕು ವಾರಕ್ಕೇ ತಳ್ಳಬೇಡಿ. ಎರಡು ವಾರ ರಜೆಯಿದ್ದರೆ ಒಂದು ವಾರದ ಆಯ್ಕೆ ನಿಮ್ಮದು, ಇನ್ನೊಂದು ಅವರದು ಎಂಬುದು ಇಲ್ಲಿಯ ವಾಡಿಕೆ. ಅಜ್ಜಿ-ತಾತ ಬಂದು ಆರು ತಿಂಗಳು ಇರುವಾಗ ಗಂಟೆ ಕಡಿತವಾಗುವುದಿದ್ದರೆ ಅದನ್ನೂ ಈಗಲೇ ಹೇಳಿ ಬರೆಸಿ. ಹಿರಿಯರ ಅಡುಗೆ, ಬಟ್ಟೆ ನ್ಯಾನಿಯ ಕೆಲಸವಲ್ಲ.

ನಗದಿನಲ್ಲಿ ಕೊಡುತ್ತಿದ್ದರೆ ನವೀಕರಣದಲ್ಲೇ ಸರಿಪಡಿಸಿ. 2025ರಲ್ಲಿ 2,800 ಡಾಲರ್ ಮುಟ್ಟಿದ ಸಂಬಳಕ್ಕೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಕಡ್ಡಾಯವಾಗಿತ್ತು. ನಿಮ್ಮ ವಾರ್ಷಿಕ ತೆರಿಗೆ ಫಾರಂ 1040ರ ಜೊತೆ ಮನೆಗೆಲಸದವರ ತೆರಿಗೆ ಲೆಕ್ಕದ ಶೆಡ್ಯೂಲ್ ಎಚ್ ಸಲ್ಲಿಸಿ, ಅವರಿಗೆ ನೌಕರರ ಸಂಬಳ ಪತ್ರವಾದ ಡಬ್ಲ್ಯೂ-2 ಕೊಡಿ. ಸ್ವತಂತ್ರ ಗುತ್ತಿಗೆದಾರರಿಗೆ ಕೊಡುವ 1099 ಫಾರಂ ಕೊಡುವುದು ತಪ್ಪು. ತೆರಿಗೆ ಕಟ್ಟದಿದ್ದರೆ ಕೆಲಸ ಹೋದಾಗ ನಿರುದ್ಯೋಗ ಭತ್ಯೆ ಕೇಳಲು ಅವರ ಕೈಯಲ್ಲಿ ದಾಖಲೆಯೇ ಇರುವುದಿಲ್ಲ.

ಹೊಸ ದರ ಯಾವ ತಾರೀಕಿನಿಂದ ಎಂದು ಬರೆದು ಇಬ್ಬರೂ ಸಹಿ ಹಾಕಿ, ಅದೇ ದಿನ ಪೇರೋಲ್‌ನಲ್ಲೂ ಬದಲಿಸಿ.