ಮಕ್ಕಳಿಗೆ ಮುಂಬಯಿ ತೋರಿಸುವುದಾದರೆ ಆನೆಯಿಂದ ಶುರು ಮಾಡಿ

ಪ್ರತಿ ಮೇ ತಿಂಗಳು ವಿಜಯಪುರದಿಂದ ಅಕ್ಕನ ಮಕ್ಕಳಿಬ್ಬರು ಡೊಂಬಿವಲಿಯ ನಮ್ಮ ಮನೆಗೆ ಬಂದಿಳಿಯುತ್ತಾರೆ. ಮೊದಲ ವರ್ಷ ನಾನು ಹುಮ್ಮಸ್ಸಿನಲ್ಲಿ ಒಂದೇ ದಿನ ನಾಲ್ಕು ಜಾಗ ಇಟ್ಟುಕೊಂಡೆ. ಮೂರನೆಯದರಲ್ಲಿ ಚಿಕ್ಕವನು ಬೆಂಚಿನ ಮೇಲೆ ಮಲಗಿಬಿಟ್ಟ. ದೊಡ್ಡವಳು ಗಾಜಿನ ಪೆಟ್ಟಿಗೆ ನೋಡಿ, "ಮಾಮಾ, ಇವೂ ಹಳೇ ಭಾಂಡೇನ ಅಲ್ಲೇನು?" ಅಂದಳು. ಅವಳದ್ದು ತಪ್ಪಲ್ಲ.

ಈಗ ದಿನಕ್ಕೆ ಒಂದೇ ಜಾಗ. ಒಂದು ಜಾಗದ ಕತೆ ಮುಂದಿನದಕ್ಕೆ ಕೊಂಡಿಯಾಗಬೇಕು, ಅಷ್ಟೇ ನನ್ನ ಲೆಕ್ಕ.

ಮೊದಲ ದಿನ ಬೈಕುಲಾ. ಅಲ್ಲಿ ಝೂ ಪಕ್ಕದಲ್ಲೇ ಡಾಕ್ಟರ್ ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. 1872ರಲ್ಲಿ ತೆರೆದದ್ದು, ಮುಂಬಯಿಯ ಅತಿ ಹಳೆಯ ಮ್ಯೂಸಿಯಂ. ಒಳಗೆ ಓಡುವ ಮೊದಲು ಅಂಗಳದಲ್ಲಿರುವ ಕಲ್ಲಿನ ಆನೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಸಮುದ್ರದ ನಡುವಿನ ಘಾರಾಪುರಿ ದ್ವೀಪದಲ್ಲಿದ್ದ ಆನೆ ಇದು. ಇದನ್ನು ನೋಡಿಯೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಬ್ರಿಟಿಷರು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಎತ್ತುವಾಗ ಬೀಳಿಸಿದರು. ಆನೆ ತುಂಡು ತುಂಡಾಯಿತು. 1914ರಲ್ಲಿ ಆ ತುಂಡುಗಳನ್ನು ಮತ್ತೆ ಜೋಡಿಸಿದರು. "ಜೋಡಿಸಿದ ಗೆರೆ ಎಲ್ಲೆಲ್ಲಿ ಕಾಣುತ್ತೆ, ಹುಡುಕಿ" ಎಂದರೆ ಸಾಕು, ಮಕ್ಕಳು ಆನೆಯ ಸುತ್ತ ಗಿರಕಿ ಹೊಡೆಯುತ್ತಾರೆ. ಒಳಗಿನ ಪುಟಾಣಿ ಮಣ್ಣಿನ ಗೊಂಬೆಗಳಲ್ಲಿ ಹಳೇ ಮುಂಬಯಿಯ ಜನ, ಅವರ ಪೇಟ, ಕಸುಬು ಎಲ್ಲ ಇದೆ. ಅರ್ಧ ಗಂಟೆ ಸಾಕು. ಬಿಸಿಲು ಜಾಸ್ತಿಯಾದಾಗ ಝೂನಲ್ಲಿ ಪೆಂಗ್ವಿನ್‌ಗಳ ತಣ್ಣನೆಯ ಕೋಣೆಗೆ ನುಗ್ಗಿ. ಬುಧವಾರ ಮಾತ್ರ ಹೋಗಬೇಡಿ, ಮ್ಯೂಸಿಯಂ, ಝೂ ಎರಡೂ ಬಂದ್.

ಊಟಕ್ಕೆ ಸ್ಲೋ ಲೋಕಲ್ ಹತ್ತಿ ಮಾಟುಂಗಾಕ್ಕೆ ಹೋಗಿ. ಸ್ಟೇಷನ್ ಆಸುಪಾಸಿನ ಉಡುಪಿ ಹೋಟೆಲುಗಳಲ್ಲಿ ಸಾರು-ಅನ್ನ ಸಿಕ್ಕರೆ ಮಕ್ಕಳ ಮುಖ ಅರಳುತ್ತದೆ. ನಮ್ಮವರು ಮಾತ್ರ ರೊಟ್ಟಿ ಕೇಳಿದರು, ಅದು ಬೇರೆ ಮಾತು.

ಎರಡನೇ ದಿನ ಆನೆ ಹುಟ್ಟಿದ ದ್ವೀಪ. ಎಲಿಫೆಂಟಾಕ್ಕೆ ಸೋಮವಾರ ರಜೆ. ಒಂಬತ್ತರ ಹೊತ್ತಿಗೆ ಗೇಟ್‌ವೇ ಆಫ್ ಇಂಡಿಯಾದಲ್ಲಿದ್ದರೆ ಮೊದಮೊದಲ ದೋಣಿ ಸಿಗುತ್ತದೆ. ಸುಮಾರು ಒಂದು ಗಂಟೆಯ ದಾರಿ. ವಾಂತಿ ಬರುವ ಮಕ್ಕಳಿದ್ದರೆ ಮೇಲಿನ ಅಂತಸ್ತಿನ ಆಸೆ ಬಿಡಿ, ಕೆಳಗೆ ನಡುವಿನಲ್ಲಿ ಕೂರಿಸಿ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು.

ದೋಣಿಯಲ್ಲಿ ಹೇಳಲು ನಮ್ಮದೇ ಕತೆ ಇದೆ. ಇಮ್ಮಡಿ ಪುಲಿಕೇಶಿ ನೂರಾರು ಹಡಗು ತಂದು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಎಂದು ಐಹೊಳೆಯ 634ರ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮಾತು. ಚಿಕ್ಕವನು ದೋಣಿಯಿಂದ ಕೆಳಗಿಳಿಯುವವರೆಗೂ ಪುಲಿಕೇಶಿಯೇ ಆಗಿದ್ದ.

ಜೆಟ್ಟಿಯಿಂದ ಪುಟ್ಟ ರೈಲಿದೆ, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ಕೈಯಲ್ಲಿ ಬಾಟಲಿ, ಬಿಸ್ಕತ್ತು ಕಂಡರೆ ಕೋತಿಗಳು ಕಿತ್ತುಕೊಳ್ಳುತ್ತವೆ, ಎಲ್ಲ ಚೀಲದೊಳಗೇ ಇರಲಿ. ಗುಹೆಗಳು ಹಲವು, ಆದರೆ ಮಕ್ಕಳ ಜೊತೆ ದೊಡ್ಡದೊಂದನ್ನೇ ನೋಡಿ. ಸುಮಾರು ಹದಿನೆಂಟು ಅಡಿಯ ಮೂರು ಮುಖದ ಶಿವನ ಮುಂದೆ ಕೂರಿಸಿ, ಇದನ್ನು ಕಟ್ಟಿದ್ದಲ್ಲ, ಗುಡ್ಡವನ್ನೇ ಕೊರೆದು ತೆಗೆದದ್ದು ಎಂದು ಹೇಳಿ. ಬಾದಾಮಿ ನೋಡಿದ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಸಮುದ್ರ ಕೆರಳಿರುತ್ತದೆ, ಈ ದಿನವನ್ನೇ ಕೈಬಿಡಿ.

ಭಾನುವಾರ ಎಲ್ಲಿಗಾದರೂ ಹೊರಡುವ ಮೊದಲು ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು, ಎಲ್ಲಿದೆ ಅಂತ ನೋಡಿಕೊಳ್ಳಿ. ಉಳಿದ ದಿನ ಬೆಳಗ್ಗೆ ಎಂಟರಿಂದ ಹನ್ನೊಂದರ ಲೋಕಲ್‌ನಲ್ಲಿ ಮಕ್ಕಳನ್ನು ಹತ್ತಿಸುವುದು ಬೇಡವೇ ಬೇಡ. ಎಲಿಫೆಂಟಾ ದಿನ ನಾವು ಆರೂವರೆಗೇ ಮನೆ ಬಿಟ್ಟೆವು.

ಮೂರನೇ ದಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಹಳಬರಿಗೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದರೇ ಗೊತ್ತು. 1922ರಲ್ಲಿ ತೆರೆಯಿತು. ವಿನ್ಯಾಸ ಜಾರ್ಜ್ ವಿಟೆಟ್‌ನದು, ಗೇಟ್‌ವೇಯೂ ಅವನದೇ. ಎಲ್ಲವನ್ನೂ ನೋಡಲು ಹೋಗಬೇಡಿ. ಶಿಲ್ಪಗಳ ವಿಭಾಗದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಬ್ರಹ್ಮನನ್ನು ಹುಡುಕಿಸಿ, ಏಳನೇ ಶತಮಾನದವನು. ಆಮೇಲೆ ಕತ್ತಿ-ಗುರಾಣಿ, ಆಮೇಲೆ ಪ್ರಾಣಿಗಳ ವಿಭಾಗ. ಅಂಗಳದಲ್ಲಿ 2019ರಿಂದ ಮಕ್ಕಳದೇ ಮ್ಯೂಸಿಯಂ ಇದೆ, ಸುಸ್ತಾದವರಿಗೆ ಅದೇ ಸರಿ.

ಒಂದನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಹೊರಗೆ ಬಂದು ಗುಮ್ಮಟ ತೋರಿಸಿ, "ಇದನ್ನ ಎಲ್ಲಿ ನೋಡಿದೀರಿ?" ಎಂದು ಕೇಳಿ. ನಮ್ಮವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಇಬ್ಬರೂ ಒಟ್ಟಿಗೆ "ಗೋಳಗುಮ್ಮಟ!" ಎಂದು ಕೂಗಿದರು. ಹೌದು, ವಿಟೆಟ್ ಅದರ ಮಾದರಿಯಲ್ಲೇ ಮಾಡಿಸಿದ್ದ. ಚಿಕ್ಕವನು ಮತ್ತೆ ಒಳಗೆ ಓಡಿ, ಗುಮ್ಮಟದ ಕೆಳಗೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ಕಾವಲುಗಾರ ತುಟಿಯ ಮೇಲೆ ಬೆರಳಿಟ್ಟ. ಹುಡುಗ ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದು, ನನ್ನ ಕಡೆ ತಿರುಗಿದ.

"ಏಳು ಸಲ ಕೇಳಸಂಗಿಲ್ಲ ಮಾಮಾ. ನಮ್ದ ಛಲೋ ಐತಿ."